ದಡಾರ ವಾಪಸ್ ಬರ್ತಾ ಉಂಟು: ಇಂಜೆಕ್ಷನ್ ಬೇಡ ಅನ್ನುವ ಮನೆಯವರ ಹತ್ರ ಮಾತಾಡುವುದು ಹೇಗೆ?

ಇದು ಡಾಕ್ಟ್ರುಗಳಿಗೆ ಬರ್ದದ್ದಲ್ಲ. ನೆರೆಕರೆಯಲ್ಲಿ, ಸಂಬಂಧಿಕರಲ್ಲಿ, ಕುಟುಂಬಶ್ರೀ (ಕೇರಳದ ಹೆಂಗಸರ ಸಂಘ) ಮೀಟಿಂಗಿನಲ್ಲಿ "ನಮ್ಮ ಮಗುವಿಗೆ ಅದೆಲ್ಲ ಬೇಡಪ್ಪ" ಹೇಳುವವರು ಒಬ್ಬರಾದ್ರೂ ಇರ್ತಾರೆ, ಅವರ ಹತ್ರ ಮಾತಾಡ್ಬೇಕು ಅಂತ ಮನಸ್ಸುಂಟು ಆದ್ರೆ ಎಲ್ಲಿಂದ ಶುರು ಮಾಡುದು ಗೊತ್ತಾಗುದಿಲ್ಲ ಅನ್ನುವವರಿಗೆ ಬರ್ದದ್ದು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಈ ಕಡೆಯ ಮನೆಗಳನ್ನೇ ಮನಸ್ಸಲ್ಲಿ ಇಟ್ಕೊಂಡಿದ್ದೇನೆ, ಯಾಕಂದ್ರೆ ಕಾಸರಗೋಡಿನವರ ಹೆದರಿಕೆಗೆ ಕಾಸರಗೋಡಿನದ್ದೇ ಕಾರಣಗಳುಂಟು, ಬೇರೆ ಊರಿನ ಉತ್ತರ ತಂದು ಇಲ್ಲಿ ಹೇಳಿದ್ರೆ ಯಾರ ಮನಸ್ಸಿಗೂ ಹಿಡಿಯುದಿಲ್ಲ.

ಈಗ ಯಾಕೆ ಇದರ ಮಾತು ಅಂದ್ರೆ, ಹೋಯ್ತು ಅಂತ ತಿಳ್ಕೊಂಡ ಕಾಯಿಲೆ ಹಿಂದೆ ಬರ್ತಾ ಉಂಟು. ಅಮೆರಿಕದಲ್ಲಿ 2000ದಲ್ಲೇ ದಡಾರ ನಿರ್ಮೂಲ ಆಯ್ತು ಅಂತ ಘೋಷಣೆ ಮಾಡಿದ್ರು, 2025ರಲ್ಲಿ ಟೆಕ್ಸಾಸಿನಲ್ಲಿ ಇಂಜೆಕ್ಷನ್ ತಕ್ಕೊಳ್ಳದ ಇಬ್ಬರು ಮಕ್ಕಳು ತೀರಿಕೊಂಡ್ರು. ಕೆನಡಾ ಅದೇ ವರ್ಷ ನವೆಂಬರಲ್ಲಿ ನಿರ್ಮೂಲನೆಯ ಸ್ಥಾನವನ್ನೇ ಕಳ್ಕೊಂಡಿತು. ಅಷ್ಟು ದೂರ ಹೋಗುದು ಬೇಡ, 2022ರ ನವೆಂಬರಲ್ಲಿ ನಮ್ಮದೇ ಕೇರಳದ ಮಲಪ್ಪುರಂನಲ್ಲಿ ದಡಾರ ಹೆಚ್ಚಾಗಿ ಕೇಂದ್ರ ಸರ್ಕಾರ ತಂಡ ಕಳಿಸಿತ್ತು, ರಾಂಚಿಗೂ ಅಹ್ಮದಾಬಾದಿಗೂ ಆಗಲೇ ಕಳಿಸಿದ್ದು, ಮುಂಬೈಯಲ್ಲಿ ಆ ವರ್ಷ ಮಕ್ಕಳು ತೀರಿಕೊಂಡಿದ್ದಾರೆ. ಮುಂಬೈಗೂ ಗಲ್ಫಿಗೂ ನಮ್ಮವರು ವರ್ಷ ಪೂರ್ತಿ ಹೋಗಿ ಬಂದು ಮಾಡ್ತಾರೆ, ಕಾಯಿಲೆಗೆ ತಲಪಾಡಿ ಗಡಿ ಉಂಟಾ?

ಮೊದಲು ನೀವು ಕಾಯಿಲೆಯನ್ನು ಸರಿಯಾಗಿ ತಿಳ್ಕೊಳ್ಳಿ

ಹೋದ ಮನೆಯಲ್ಲಿ ಮೊದಲ ಪ್ರಶ್ನೆಗೇ ತಡವರಿಸಿದ್ರೆ ಮುಂದಿನದ್ದು ಯಾರೂ ಕೇಳುದಿಲ್ಲ. ದಡಾರ ಅಂದ್ರೆ ಮಲೆಯಾಳದಲ್ಲಿ ಅಂಜಾಂಪನಿ ಅಂತ ಆಸ್ಪತ್ರೆ ಬೋರ್ಡಿನಲ್ಲಿ ಬರ್ದಿರ್ತದಲ್ಲ, ಅದು. ವೈರಸ್ಸಿನಿಂದ ಬರುದು, ಗಾಳಿಯಲ್ಲಿ ಹರಡುದು. ಜೋರು ಜ್ವರ, ಕೆಮ್ಮು, ಮೂಗು ಸೋರುದು, ಕಣ್ಣು ಕೆಂಪಾಗುದು, ಮೂರ್ನಾಲ್ಕು ದಿನದ ಮೇಲೆ ಕಿವಿಯ ಹಿಂದೆ ಮುಖದ ಮೇಲೆ ಕೆಂಪು ದದ್ದು ಶುರುವಾಗಿ ಮೈಯಿಡೀ ಕೆಳಗೆ ಇಳೀತದೆ. ದದ್ದು ಕಾಣುವ 4 ದಿನ ಮೊದಲೇ ಹರಡ್ಲಿಕ್ಕೆ ಶುರು, ದದ್ದು ಬಂದು 4 ದಿನದವರೆಗೂ ಹರಡ್ತದೆ, ಹಾಗಾಗಿ "ಮಗುವಿಗೆ ಬಂದ್ರೆ ಬೇರೆ ಇಡ್ತೇವೆ" ಅನ್ನುವ ಲೆಕ್ಕಾಚಾರ ನಡೆಯುದಿಲ್ಲ, ಗೊತ್ತಾಗುವಾಗ ಅಂಗನವಾಡಿಯಿಡೀ ಹರಡಿ ಆಗಿರ್ತದೆ. ಇಂಜೆಕ್ಷನ್ ಆಗದ 10 ಜನ ರೋಗಿಯ ಹತ್ತಿರ ಇದ್ರೆ 9 ಜನಕ್ಕೆ ಬರುವಷ್ಟು ಜೋರಿನದ್ದು. ಬಾಗಿಲು ಹಾಕಿದ ಕೋಣೆಯಲ್ಲಿ ಹಲಸಿನ ಹಣ್ಣು ಕೊಯ್ದ್ರೆ ಹಣ್ಣು ಹೊರಗೆ ಹೋದ ಮೇಲೂ ವಾಸನೆ ನಿಲ್ತದಲ್ಲ, ಹಾಗೆ ರೋಗಿ ಎದ್ದು ಹೋದ ಮೇಲೂ 2 ಗಂಟೆವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಇರ್ಬಹುದು, ಅಜ್ಜಿಯಂದಿರಿಗೆ ಹೀಗೆ ಹೇಳಿದ್ರೆ ತಟ್ಟನೆ ಅರ್ಥ ಆಗ್ತದೆ.

ಹೆಚ್ಚಿನ ಮಕ್ಕಳು ಗುಣ ಆಗ್ತಾರೆ, ಇದನ್ನು ಮುಚ್ಚಿಡ್ಬೇಡಿ. ಆದ್ರೆ 20 ಮಕ್ಕಳಲ್ಲಿ ಒಬ್ಬರಿಗೆ ನ್ಯುಮೋನಿಯ, ಸಾವಿರದಲ್ಲಿ ಒಬ್ಬರಿಗೆ ಮೆದುಳಿನ ಬಾವು, ವಿಟಮಿನ್ ಎ ಕಡಿಮೆ ಇರುವ ಮಕ್ಕಳಿಗೆ ಕಣ್ಣೇ ಹೋಗ್ಬಹುದು. ಇನ್ನೊಂದು ಜನರಿಗೆ ಗೊತ್ತಿಲ್ಲದ್ದು, ದಡಾರ ಬಂದು ಹೋದ ಮೇಲೆ ಮಗುವಿನ ಶರೀರ ಮೊದಲಿನ ಕಾಯಿಲೆಗಳ ವಿರುದ್ಧ ಸಂಪಾದಿಸಿದ ಶಕ್ತಿಯನ್ನು ಮರೆತು ಬಿಡ್ತದೆ, ಆಮೇಲೆ ತಿಂಗಳುಗಟ್ಲೆ ಮಗು ಒಂದಲ್ಲ ಒಂದು ಸೋಂಕಿಗೆ ಬೀಳ್ತಾ ಇರ್ತದೆ.

ಎರಡನೇದು: ಮಾತಿಗಿಂತ ಮೊದಲು ಕಾರ್ಡ್ ನೋಡಿ

ಇದು ನನಗೆ ತುಂಬ ಮುಖ್ಯ ಅಂತ ಕಾಣುವ ವಿಷಯ. ಇಂಜೆಕ್ಷನ್ ಆಗದ ಮಕ್ಕಳ ಮನೆಯವರೆಲ್ಲ ವಿರೋಧಿಗಳಲ್ಲ, ನಮ್ಮ ಗಡಿ ಊರುಗಳಲ್ಲಿ ತಪ್ಪಿ ಹೋದದ್ದೇ ಎಷ್ಟೋ ಇರ್ತದೆ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ, ಬಾಣಂತನ ಪುತ್ತೂರಿನಲ್ಲೋ ವಿಟ್ಲದಲ್ಲೋ ತಾಯಿ ಮನೆಯಲ್ಲಿ, ಮೊದಲಿನ ಇಂಜೆಕ್ಷನ್‌ಗಳು ಕರ್ನಾಟಕದ ತಾಯಿ ಕಾರ್ಡಿನಲ್ಲಿ, ಮಗುವನ್ನು ಗಂಡನ ಮನೆಗೆ ಕರ್ಕೊಂಡು ಬರುವಾಗ ಕಾರ್ಡ್ ಅಲ್ಲೇ ಕಪಾಟಿನಲ್ಲಿ ಉಳೀತದೆ, ಇಲ್ಲಿಯ ಸಿಸ್ಟರ ರಿಜಿಸ್ಟ್ರಿನಲ್ಲಿ ಹೆಸರೇ ಇರುದಿಲ್ಲ. ಸರಿಯಾಗಿ 9 ತಿಂಗಳಿಗೆ ಗಲ್ಫಿಗೆ ಹೋದವರುಂಟು, ತೋಟದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬೇರೆ ರಾಜ್ಯದಿಂದ ಬಂದ ಕುಟುಂಬದವರುಂಟು. ಇವರಿಗೆ ಬುದ್ಧಿ ಹೇಳ್ಲಿಕ್ಕೆ ಹೋದ್ರೆ ಅವಮಾನ ಮಾಡಿದ ಹಾಗೆ, ಇವರಿಗೆ ಬೇಕಾದ್ದು ತಾರೀಕು ಮತ್ತು ಜೊತೆಗೆ ಬರುವ ಒಬ್ಬರು.

ಕಾರ್ಡಿನಲ್ಲಿ ನೋಡ್ಬೇಕಾದ್ದು ಎರಡೇ ಎರಡು. ಎಂಆರ್ (ದಡಾರ, ರುಬೆಲ್ಲಾ ಎರಡಕ್ಕೂ ಒಟ್ಟಿಗೆ ಕೊಡುವ ಇಂಜೆಕ್ಷನ್) ಮೊದಲ ಡೋಸ್, 9 ತಿಂಗಳು ತುಂಬಿ ಒಂದು ವರ್ಷದ ಒಳಗೆ. ಎರಡನೇ ಡೋಸ್, 16ರಿಂದ 24 ತಿಂಗಳ ಒಳಗೆ. ಪ್ರೈವೇಟಲ್ಲಿ ಎಂಎಂಆರ್ (ಮಂಗನ ಬಾವಿನದ್ದೂ ಸೇರಿದ್ದು) ಅಂತ ಕೊಟ್ಟಿದ್ರೆ ಅದೂ ಲೆಕ್ಕಕ್ಕೆ ಬರ್ತದೆ. ತಪ್ಪಿ ಹೋಗಿದ್ರೆ 5 ವರ್ಷದವರೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀಯಾಗಿ ಕೊಡ್ತಾರೆ, "ಟೈಮ್ ಆಯ್ತಲ್ಲ ಇನ್ನು ಯಾಕೆ" ಅಂತ ಸುಮ್ಮನೆ ಕೂತವರಿಗೆ ಇದೊಂದು ಮಾತೇ ಸಾಕಾಗ್ತದೆ. ಕಾರ್ಡ್ ಕಳೆದು ಹೋಗಿ ನೆನಪೇ ಇಲ್ಲ ಅಂದ್ರೆ ಮತ್ತೊಮ್ಮೆ ಕೊಟ್ರೆ ತೊಂದ್ರೆ ಇಲ್ಲ. ಎರಡನೇ ಡೋಸ್ ಬಿಟ್ಟವರೂ ಸುಮಾರು ಜನ, ಮಗು ಗಟ್ಟಿಯಾಗಿ ಓಡಾಡ್ತಾ ಉಂಟು ಅಂತ. 9 ತಿಂಗಳಿನದ್ದು 100ರಲ್ಲಿ ಸುಮಾರು 85 ಮಕ್ಕಳಿಗೆ ಹಿಡೀತದೆ, ಎರಡೂ ಆದ್ರೆ 97ರ ಹತ್ರ ಹೋಗ್ತದೆ, ಉಳಿದ ಮಕ್ಕಳಿಗೋಸ್ಕರವೇ ಎರಡನೇದ್ದು ಇರುದು.

ಮೂರನೇದು: ಯಾರು ಹೋಗುದು, ಯಾವ ಭಾಷೆಯಲ್ಲಿ, ಯಾರ ಹತ್ರ

ಐದಾರು ಜನ ಒಟ್ಟಿಗೆ ಅಂಗಳಕ್ಕೆ ಹೋಗ್ಬೇಡಿ, ಪೊಲೀಸ್ ಬಂದ ಹಾಗೆ ಆಗ್ತದೆ. ಒಬ್ಬರು, ಹೆಚ್ಚಂದ್ರೆ ಇಬ್ಬರು, ಅದರಲ್ಲಿ ಒಬ್ಬರು ಆ ಮನೆಗೆ ಮೊದಲೇ ಬಂದು ಹೋಗಿ ಇರುವವರು. ನಮ್ಮಲ್ಲಿ ಆರೋಗ್ಯ ಕೇಂದ್ರಕ್ಕೆ ತೆಂಕಿನ ಜಿಲ್ಲೆಗಳಿಂದ ಬಂದ ಸಿಸ್ಟರುಗಳು ಇರ್ತಾರೆ, ಪ್ರಾಮಾಣಿಕವಾಗಿ ಕೆಲಸ ಮಾಡುವವರು, ಆದ್ರೆ ಅವರ ಮಲೆಯಾಳ ತುಳು ಮನೆಯ ಅಜ್ಜಿಗೆ ಅರ್ಧವೂ ಹೋಗುದಿಲ್ಲ, ಅಜ್ಜಿ ತಲೆ ಆಡಿಸ್ತಾರೆ, ಸಿಸ್ಟರ್ ಒಪ್ಪಿದ್ರು ಅಂತ ಬರ್ಕೊಂಡು ಹೋಗ್ತಾರೆ, ಇಂಜೆಕ್ಷನ್ ಕೊಡುವ ಬುಧವಾರ ಯಾರೂ ಬರುದಿಲ್ಲ. ಆ ಮನೆಯಲ್ಲಿ ಊಟ ಮಾಡುವಾಗ ಮಾತಾಡುವ ಭಾಷೆ ಯಾವುದೋ ಅದರಲ್ಲೇ ಮಾತಾಡುವವರು ಬೇಕು, ತುಳು, ಕನ್ನಡ, ಮಲೆಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಂತ ಬೇಕಾದ್ರೂ ಆಗಿರ್ಲಿ. ಹೆಚ್ಚಿನ ಆಶಾ ವರ್ಕರುಗಳಿಗೆ ಮೂರು ಭಾಷೆ ಬರ್ತದೆ, ಅವರನ್ನು ಕರ್ಕೊಂಡು ಹೋಗಿ.

ಮತ್ತೆ, ನಿರ್ಧಾರ ಮಾಡುವವರು ಯಾರು ಅಂತ ನೋಡಿ. ಎದುರು ಕೂತ ಸೊಸೆಗೆ ಒಪ್ಪಿಗೆ ಇರ್ಬಹುದು, ಬೇಡ ಹೇಳುದು ಒಳಗಿನ ಅತ್ತೆ, ಇಲ್ಲಾಂದ್ರೆ ದುಬೈಯಲ್ಲಿರುವ ಗಂಡ. ಹಾಗಿದ್ರೆ ಆ ಹುಡುಗಿಗೆ ಒತ್ತಾಯ ಮಾಡಿ ಮನೆಯಲ್ಲಿ ಜಗಳ ಹಾಕಿಸ್ಬೇಡಿ, "ನಿಮ್ಮವರು ಫ್ರೀ ಇರುವಾಗ ಒಮ್ಮೆ ಫೋನಲ್ಲಿ ಮಾತಾಡ್ಬಹುದಾ" ಕೇಳಿ. ಅತ್ತೆಯವರ ಹತ್ರ ಬೇರೆಯೇ ಕೂತ್ಕೊಂಡು, ಅವರು ಮಕ್ಕಳನ್ನು ಸಾಕಿದ ರೀತಿ ಕೇಳಿ, ಆಮೇಲೆ ವಿಷಯಕ್ಕೆ ಬನ್ನಿ. ಮದುವೆ ಮನೆ, ಕೋಲ, ಉರೂಸು, ಜಾತ್ರೆಯಲ್ಲಿ ನಾಲ್ಕು ಜನರ ಎದುರು ಈ ಮಾತು ತೆಗಿಯಲೇ ಬೇಡಿ, ಎಲ್ಲರ ಎದುರು ಒಮ್ಮೆ ಬೇಡ ಹೇಳಿದವರು ಮತ್ತೆ ಮಾತು ಬದಲಿಸುದು ಕಷ್ಟ.

ಒಂದು ಜಾತಿಯವರು ಮಾತ್ರ, ಒಂದು ಮತದವರು ಮಾತ್ರ ಇಂಜೆಕ್ಷನ್ ಬೇಡ ಹೇಳುದು ಅಂತ ಒಂದು ಮಾತು ಓಡ್ತದಲ್ಲ, ಅದು ಶುದ್ಧ ಸುಳ್ಳು, ಕೆಟ್ಟ ಸುಳ್ಳು. ಡಿಗ್ರಿ ಆದವರ ಮನೆಯಲ್ಲೂ, ಪ್ರಕೃತಿ ಚಿಕಿತ್ಸೆಯ ಹುಚ್ಚು ಹಿಡಿದ ಮನೆಯಲ್ಲೂ, ಕಡಲ ಕರೆಯ ಕಡಪ್ಪುರದಲ್ಲೂ ಗುಡ್ಡೆಯ ಮೇಲೂ ಬೇಡ ಅನ್ನುವವರುಂಟು. ಅಂಥ ಮಾತು ಮನಸ್ಸಲ್ಲಿ ಇಟ್ಕೊಂಡು ಹೋದ್ರೆ ಅದು ಮುಖದಲ್ಲಿ ಕಾಣ್ತದೆ.

ನಾಲ್ಕನೇದು: ಮೊದಲು ಕೇಳಿ, ಪೂರ್ತಿ ಕೇಳಿ

"ಯಾಕೆ ಕೊಡಿಸ್ಲಿಲ್ಲ?" ಅಂತ ಕೇಳಿದ್ರೆ ಅದು ವಿಚಾರಣೆ. "ಅಕ್ಕ, ಈ ಇಂಜೆಕ್ಷನ್ ವಿಷಯದಲ್ಲಿ ನಿಮಗೆ ಎಂತ ಹೆದರಿಕೆ ಕಾಣ್ತದೆ?" ಅಂತ ಕೇಳಿ, ಆಮೇಲೆ ಬಾಯಿ ಮುಚ್ಚಿ ಕೂತ್ಕೊಳ್ಳಿ. ಅವರು ಮೊದಲು ಹೇಳುದು ವಾಟ್ಸಾಪಿನ ಮಾತು ಆಗಿರ್ತದೆ, ಎರಡನೇ ಸಲ "ಮತ್ತೆ?" ಅಂದ್ರೆ ನಿಜವಾದ್ದು ಹೊರಗೆ ಬರ್ತದೆ: ದೊಡ್ಡ ಮಗುವಿಗೆ ಇಂಜೆಕ್ಷನ್ ಆದ ರಾತ್ರಿ ಜ್ವರ ಬಂದು ಫಿಟ್ಸ್ ಆಗಿತ್ತು, ಆಸ್ಪತ್ರೆಯಲ್ಲಿ ಎಲ್ಲರ ಎದುರು ಬೈದಿದ್ರು, ಹೀಗೆ. ಇದಕ್ಕೆ ಅಂಕಿ ಅಂಶದ ಉತ್ತರ ಇಲ್ಲ. "ಅಷ್ಟು ಹೆದರಿದ್ದೀರಿ, ಒಬ್ಬರೇ ಎಷ್ಟು ಒದ್ದಾಡಿದ್ರಿ" ಅಂತ ಹೇಳ್ಬೇಕು, ಮನಸ್ಸಿಂದ ಹೇಳ್ಬೇಕು. ಫಿಟ್ಸ್ ಆದದ್ದನ್ನು ಡಾಕ್ಟ್ರಿಗೆ ಮೊದಲೇ ತಿಳಿಸ್ಬೇಕು ಅಂತಲೂ ಹೇಳಿ.

ಉತ್ತರ ಹೇಳುವ ಮೊದಲು "ನನಗೆ ಗೊತ್ತಿರುದನ್ನು ಹೇಳ್ಲಾ?" ಅಂತ ಒಂದು ಮಾತು ಕೇಳಿ. ಹೂಂ ಅಂದ್ರೆ ಮಾತ್ರ ಹೇಳಿ. ಒಂದು ಸಲಕ್ಕೆ ಒಂದೇ ವಿಷಯ.

ಐದನೇದು: ನಮ್ಮ ಕಡೆ ಕೇಳುವ ಮಾತುಗಳು, ಅದಕ್ಕೆ ಹೇಳ್ಬಹುದಾದ್ದು

"ಎಂಡೋಸಲ್ಫಾನ್ ಹಾಕುವಾಗಲೂ ಸೇಫ್ ಅಂತಲೇ ಹೇಳಿದ್ದು." ಎಣ್ಮಕಜೆ, ಪಡ್ರೆ, ಬೆಳ್ಳೂರು, ಮುಳಿಯಾರು ಕಡೆ ಈ ಮಾತು ಬಂದ್ರೆ ದಯವಿಟ್ಟು ಅದನ್ನು ಬದಿಗೆ ಸರಿಸ್ಬೇಡಿ. ಅದು ನಿಜ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಲ್ಲಿ ಹಾಕಿದ್ರು, ಕೆಳಗೆ ಬಾವಿ ಉಂಟಾ ಮಕ್ಕಳುಂಟಾ ಯಾರೂ ನೋಡ್ಲಿಲ್ಲ, ಹಾಸಿಗೆ ಹಿಡಿದ ಮಕ್ಕಳನ್ನು ಇವತ್ತಿಗೂ ಅಮ್ಮಂದಿರು ಎತ್ತಿ ಸ್ನಾನ ಮಾಡಿಸ್ತಾ ಇದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು, 2017ರಲ್ಲಿ ತೊಂದ್ರೆ ಆದವರಿಗೆ ತಲಾ 5 ಲಕ್ಷ ಪರಿಹಾರ ಕೊಡಿ ಅಂತ ಹೇಳಿತು, ಅದಕ್ಕೂ ಜನ ಬೀದಿಗೆ ಇಳಿಯಬೇಕಾಯ್ತು. ಇಷ್ಟಾದ ಮೇಲೆ ಸರ್ಕಾರದ ಮಾತಿಗೆ ಅನುಮಾನ ಪಡುವವರನ್ನು ಅಜ್ಞಾನಿಗಳು ಅಂದ್ರೆ ಅದು ಅನ್ಯಾಯ. "ನೀವು ಅನುಮಾನ ಪಡುದು ಸರಿಯೇ" ಅಂತ ಮೊದಲು ಹೇಳಿ.

ಆಮೇಲೆ ವ್ಯತ್ಯಾಸ ಹೇಳಿ. ಅದನ್ನು ಕೇಳದೆ ತಲೆ ಮೇಲೆ ಸುರಿದದ್ದು, ಇದನ್ನು ನಿಮ್ಮ ಒಪ್ಪಿಗೆಯಲ್ಲಿ ನಿಮ್ಮ ಮಡಿಲಲ್ಲಿ ಕೂರಿಸಿ ಕೊಡುದು, ಯಾವ ದಿನ ಕೊಟ್ಟದ್ದು ಅಂತ ಕಾರ್ಡಿನಲ್ಲಿ ದಾಖಲೆ ಇರ್ತದೆ. ದಡಾರದ ಲಸಿಕೆ ಮೊದಲು ಬಂದದ್ದು 1963ರಲ್ಲಿ, ಅಲ್ಲಿಂದ ಇಲ್ಲಿವರೆಗೆ ಒಂದಕ್ಕೊಂದು ಸಂಬಂಧ ಇಲ್ಲದ ಎಷ್ಟೋ ದೇಶದವರು ಅವರವರದ್ದೇ ಲೆಕ್ಕ ಇಟ್ಟಿದ್ದಾರೆ, ಒಂದು ಕಂಪೆನಿ, ಒಂದು ಸರ್ಕಾರ ಮುಚ್ಚಿಡುವ ವಿಷಯ ಅಲ್ಲ. ಮತ್ತೊಂದುಂಟು, ಎಂಡೋಸಲ್ಫಾನಿನಿಂದ ಮಲಗಿದಲ್ಲೇ ಇರುವ ಮಗು ನೆರೆಮನೆಯಲ್ಲಿ ಉಂಟಲ್ಲ, ಆ ಮಗುವಿಗೆ ದಡಾರ ಬಂದ್ರೆ ತಡ್ಕೊಳ್ಳುದು ಕಷ್ಟ. 100ರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆದ ಊರಿನಲ್ಲಿ ಕಾಯಿಲೆ ಹರಡ್ಲಿಕ್ಕೆ ದಾರಿ ಸಿಗುದಿಲ್ಲ, ಆ ಮಗುವೂ ಉಳೀತದೆ.

"ಇಂಜೆಕ್ಷನ್ನಿನಿಂದ ಆಟಿಸಂ ಬರ್ತದಂತೆ." ಇದು ಶುರುವಾದದ್ದು 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಬರ್ದ ಒಂದು ಲೇಖನದಿಂದ, ಅದರಲ್ಲಿ ಇದ್ದದ್ದು 12 ಮಕ್ಕಳು. ಅದರಲ್ಲಿ ಮೋಸ ಉಂಟು ಅಂತ ಗೊತ್ತಾಗಿ ಪತ್ರಿಕೆಯವರು 2010ರಲ್ಲಿ ವಾಪಸ್ ತೆಗೆದ್ರು, ಅವನ ಡಾಕ್ಟರಿಕೆಯ ರಿಜಿಸ್ಟ್ರೇಶನ್ ಕೂಡ ಹೋಯ್ತು. ಡೆನ್ಮಾರ್ಕಿನವರು ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಲೆ ನೋಡಿ 2019ರಲ್ಲಿ ಸಂಬಂಧ ಇಲ್ಲ ಅಂತ ಹೇಳಿದ್ದಾರೆ. ಮಗು ಮಾತಾಡ್ಲಿಲ್ಲ, ಕಣ್ಣು ಕೊಟ್ಟು ನೋಡುದಿಲ್ಲ ಅಂತ ಅಮ್ಮನಿಗೆ ಗೊತ್ತಾಗುದು ಒಂದೂವರೆ ಎರಡು ವರ್ಷಕ್ಕೆ, ಎರಡನೇ ಡೋಸ್ ಕೊಡುದೂ ಆಗಲೇ, ಹಾಗಾಗಿ ಒಂದಕ್ಕೊಂದು ಜೋಡಿಸಿ ನೋಡುದು ಸಹಜ.

"ಅದರಲ್ಲಿ ಹಂದಿಯದ್ದು ಎಂತದೋ ಉಂಟಂತೆ." ಇಲ್ಲವೇ ಇಲ್ಲ ಅಂತ ಹೇಳ್ಲಿಕ್ಕೆ ಹೋಗ್ಬೇಡಿ. ಲಸಿಕೆ ಕೆಡದ ಹಾಗೆ ಇಡ್ಲಿಕ್ಕೆ ಜೆಲಟಿನ್ ಬಳಸುದುಂಟು. 2018ರ ಆಗಸ್ಟಲ್ಲಿ ಇಂಡೋನೇಷ್ಯಾದ ಉಲೆಮಾ ಮಂಡಳಿ ಭಾರತದಲ್ಲೇ ತಯಾರಾದ ಎಂಆರ್ ಲಸಿಕೆಯ ವಿಷಯದಲ್ಲಿ ಇದನ್ನೇ ಚರ್ಚೆ ಮಾಡಿತು, ತಯಾರಿಯಲ್ಲಿ ಹಂದಿಯ ಅಂಶ ಬಳಸಿದ್ದಾರೆ, ಆದ್ರೆ ಬದಲಿಗೆ ಬೇರೆ ಇಲ್ಲ, ಕೊಡದಿದ್ರೆ ಮಕ್ಕಳಿಗೆ ಅಪಾಯ, ಹಾಗಾಗಿ ಸದ್ಯಕ್ಕೆ ಕೊಡ್ಬಹುದು ಅಂತ ಫತ್ವಾ ಕೊಟ್ಟಿತು. ಇದನ್ನು ಇದ್ದ ಹಾಗೆ ಹೇಳಿ, "ಇಕ್ಕ, ನಿಮ್ಮ ಮಸೀದಿಯ ಉಸ್ತಾದರ ಹತ್ರ ಒಮ್ಮೆ ಕೇಳಿ ನೋಡಿ" ಅಂತ ಹೇಳಿ. ಧರ್ಮದ ತೀರ್ಪು ಕೊಡುದು ನಮ್ಮ ಕೆಲಸ ಅಲ್ಲ. ಉಸ್ತಾದರೇ ಬೇಡ ಅನ್ನುವವರಾದ್ರೆ ಆಸ್ಪತ್ರೆಯ ಡಾಕ್ಟ್ರು ಅವರನ್ನು ಹೋಗಿ ಕಾಣ್ಬೇಕು.

"ಮಕ್ಕಳಾಗುದಿಲ್ಲ." 2017ರ ಅಕ್ಟೋಬರಲ್ಲಿ ಕೇರಳದಲ್ಲಿ ಎಂಆರ್ ಅಭಿಯಾನ ಶುರುವಾದಾಗ ಓಡಾಡಿದ ಮೆಸೇಜು ಇದು. ದೇಶದಲ್ಲಿ ದಡಾರದ ಇಂಜೆಕ್ಷನ್ ಸರ್ಕಾರಿ ಪಟ್ಟಿಗೆ ಸೇರಿದ್ದು 1985ರಲ್ಲಿ, ಈಗ ಮಗು ಎತ್ತಿಕೊಂಡು ನಿಂತ ಎಷ್ಟೋ ಅಮ್ಮಂದಿರು ಚಿಕ್ಕಂದಿನಲ್ಲಿ ಅದನ್ನು ತಕ್ಕೊಂಡವರೇ. ಎಂಆರ್‌ನ ಆರ್ ಅಂದ್ರೆ ರುಬೆಲ್ಲಾ, ಬಸುರಿಗೆ ಅದು ಬಂದ್ರೆ ಹುಟ್ಟುವ ಮಗುವಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ತೊಂದ್ರೆ. ಮುಂದಿನ ಹೆರಿಗೆಗಳನ್ನು ಕಾಪಾಡ್ಲಿಕ್ಕೆ ಕೊಡುವ ಇಂಜೆಕ್ಷನ್ ಇದು.

"ನಮ್ಮ ಕಾಲದಲ್ಲಿ ಎಲ್ಲರಿಗೂ ಬಂದಿತ್ತು, ಅಮ್ಮ ಬಂದು ಹೋಗ್ತಾಳೆ." ಅಜ್ಜಿಯರ ಹತ್ರ ವಾದ ಬೇಡ. "ಅಜ್ಜಿ, ಆಗ ಊರಿನಲ್ಲಿ ದದ್ದು ಜ್ವರ ಬಂದು ಉಳಿಯದ ಮಕ್ಕಳು ಇದ್ರಾ?" ಅಂತ ಕೇಳಿ. ಹೆಚ್ಚಾಗಿ ಅವರಿಗೇ ಹೆಸರು ನೆನಪಿರ್ತದೆ.

ಆರನೇದು: ದಿನ ಗೊತ್ತು ಮಾಡಿ, ಜೊತೆಗೆ ಹೋಗಿ

ಒಪ್ಪಿಗೆ ಸಿಕ್ಕಿದ್ರೆ ಅದೇ ನಿಮಿಷ ದಿನ ನಿಶ್ಚಯ ಮಾಡಿ, ನಮ್ಮಲ್ಲಿ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಇಂಜೆಕ್ಷನ್ ಬುಧವಾರ. "ನೋಡುವಾ" ಅಂದ್ರೆ "ಈ ಬುಧವಾರವಾ, ಬರುವ ಬುಧವಾರವಾ?" ಅಂತ ಕೇಳಿ. ಬಸ್ಸಿಲ್ಲದ ಗುಡ್ಡೆ ಮನೆಯಾದ್ರೆ ಆಟೋ ಯಾರದ್ದು ಅಂತಲೂ ಆಗಲೇ ಮಾತಾಡಿ.

ಅಲ್ಲಿ ಕೇಳುವ ಹಕ್ಕು ಅವರಿಗುಂಟು ಅಂತ ಹೇಳಿಕೊಡಿ. ಬಾಟ್ಲಿ ತೋರಿಸಿ, ಎಕ್ಸ್‌ಪೈರಿ ಎಷ್ಟು, ಎಷ್ಟು ಗಂಟೆಗೆ ಕಲಸಿದ್ದು ಅಂತ ಕೇಳ್ಬಹುದು. ಪುಡಿ ಲಸಿಕೆಯನ್ನು ಅದರ ಜೊತೆ ಬರುವ ನೀರಿನಲ್ಲೇ ಕಲಸ್ಬೇಕು, ಕಲಸಿದ್ದು 4 ಗಂಟೆಯೊಳಗೆ ಮುಗೀಬೇಕು, ಉಳಿದದ್ದನ್ನು ಬಿಸಾಡ್ಬೇಕು. 2018ರಲ್ಲಿ ಸಮೋವಾ ಅನ್ನುವ ದ್ವೀಪ ದೇಶದಲ್ಲಿ ಆ ನೀರಿನ ಬದಲು ಬೇರೆ ಮದ್ದು ಬೆರೆಸಿ ಎರಡು ಶಿಶುಗಳು ತೀರಿಕೊಂಡವು, ತಪ್ಪು ನರ್ಸುಗಳದ್ದು, ಲಸಿಕೆಯದ್ದಲ್ಲ. ಆದ್ರೆ ಜನ ಹೆದರಿದ್ರು, ಸರ್ಕಾರವೂ ತಿಂಗಳುಗಟ್ಲೆ ಇಂಜೆಕ್ಷನ್ ನಿಲ್ಲಿಸಿತು, ಮರುವರ್ಷ ದಡಾರ ಬಂದು 83 ಜನ ಸತ್ತರು, ಹೆಚ್ಚಿನವರು ಪುಟ್ಟ ಮಕ್ಕಳು. ಸಿಸ್ಟರುಗಳಿಗೂ ಒಂದು ಮಾತು, ಹೀಗೆ ಕೇಳುವ ತಾಯಂದಿರ ಮೇಲೆ ಸಿಟ್ಟಾಗ್ಬೇಡಿ.

ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ, ಜೋರು ಅಲರ್ಜಿ ಆಗುದು 10 ಲಕ್ಷದಲ್ಲಿ ಒಂದರಷ್ಟು ಅಪರೂಪ, ಆದ್ರೆ ಆಗುದಾದ್ರೆ ಅಷ್ಟು ಬೇಗ ಆಗ್ತದೆ. ಒಂದು ವಾರ, ಹತ್ತು ದಿನ ಬಿಟ್ಟು ಕೆಲವು ಮಕ್ಕಳಿಗೆ ಜ್ವರ, ಸಣ್ಣ ದದ್ದು ಬರ್ಬಹುದು, ಎರಡು ದಿನದಲ್ಲಿ ಹೋಗ್ತದೆ. ಇದನ್ನು ಮೊದಲೇ ಹೇಳದಿದ್ರೆ "ನೀವು ಏನೂ ಆಗುದಿಲ್ಲ ಹೇಳಿದ್ರಿ" ಅಂತಾರೆ, ಆಮೇಲೆ ಆ ಮನೆ ಬಾಗಿಲು ಮುಚ್ಚಿದ ಹಾಗೆ. ಸಣ್ಣ ಶೀತ, ಮೊಟ್ಟೆ ಅಲರ್ಜಿ, ತೂಕ ಕಡಿಮೆ ಇರುದು ಇದೆಲ್ಲ ಇಂಜೆಕ್ಷನ್ ಮುಂದೆ ಹಾಕ್ಲಿಕ್ಕೆ ಕಾರಣ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ, ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವ ಮಕ್ಕಳಿಗೆ ಕೊಡ್ಬೇಕಾ ಬೇಡ್ವಾ ಡಾಕ್ಟ್ರೇ ಹೇಳ್ಬೇಕು, ಬಸುರಿಯರಿಗೆ ಕೊಡುದಿಲ್ಲ.

ಬೇಡವೇ ಬೇಡ ಅಂದ್ರೆ ಸಿಟ್ಟು ಮಾಡದೆ ಚಾ ಕುಡಿದು ಬನ್ನಿ, ರೇಶನ್ ನಿಲ್ಲಿಸ್ತಾರೆ, ಶಾಲೆಗೆ ಸೇರಿಸುದಿಲ್ಲ ಅಂತ ಸುಳ್ಳು ಹೆದರಿಕೆ ಹಾಕ್ಬೇಡಿ. ತಿಂಗಳು ಬಿಟ್ಟು ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಮಗುವನ್ನು ಮಾತಾಡಿಸಿ ಬನ್ನಿ. ಪಕ್ಕದ ಊರಿನಲ್ಲಿ ದಡಾರ ಬಂತು ಅಂತ ಸುದ್ದಿ ಆದ ದಿನ ಅವರು ಫೋನ್ ಮಾಡುದು ಬೈದವರಿಗಲ್ಲ.

ದಡಾರ ಹತ್ತಿರ ಬಂದೇ ಬಿಟ್ಟಿದ್ರೆ

ದದ್ದು ಜ್ವರದ ಮಗುವನ್ನು ಸೀದಾ ಕರ್ಕೊಂಡು ಹೋಗಿ ಓಪಿಯ ಕ್ಯೂನಲ್ಲಿ ನಿಲ್ಲಿಸ್ಬೇಡಿ, ಮೊದಲು ಆಶಾ ವರ್ಕರಿಗೋ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡಿ. ಮಗುವಿನ ಹತ್ತಿರ ಇದ್ದ, ಇಂಜೆಕ್ಷನ್ ಆಗದ ಮಕ್ಕಳಿಗೆ 72 ಗಂಟೆಯೊಳಗೆ ಕೊಟ್ರೆ ತಪ್ಪಿಸ್ಬಹುದು, ಬಸುರಿಯರು ಮತ್ತು ತೀರಾ ಚಿಕ್ಕ ಶಿಶುಗಳ ವಿಷಯ ಡಾಕ್ಟ್ರಿಗೆ ಅವತ್ತೇ ತಿಳಿಸಿ. ದಡಾರ ಬಂದ ಮಗುವಿಗೆ ವಿಟಮಿನ್ ಎ ಎರಡು ದಿನ ಒಂದೊಂದು ಡೋಸ್ ಕೊಡ್ತಾರೆ, ಪ್ರಾಯ ನೋಡಿ ಡಾಕ್ಟ್ರೇ ಕೊಡ್ಬೇಕು, ಅಂಗಡಿಯಿಂದ ತಂದು ನೀವೇ ಹಾಕ್ಬೇಡಿ. ಕಹಿಬೇವಿನ ಸೊಪ್ಪು ಬಾಗಿಲಿಗೆ ಕಟ್ಟಿದ್ರೆ ಕಟ್ಲಿ, ಹೊರಗಿನವರನ್ನು ಒಳಗೆ ಬಿಡದ ಪದ್ಧತಿ ಇದ್ದಲ್ಲಿ ಅದರಿಂದ ಒಳ್ಳೇದೇ. ಆದ್ರೆ ಪಥ್ಯ ಅಂತ ಊಟ ನೀರು ಕಡಿಮೆ ಮಾಡುದು ಮಾತ್ರ ಬೇಡ, ಎದೆ ಹಾಲು, ಗಂಜಿ, ಎಳನೀರು ಕೊಡ್ತಾ ಇರಿ. ದದ್ದು ಕಂಡು 4 ದಿನ ಕಳೆಯುವವರೆಗೆ ಶಾಲೆ, ಅಂಗನವಾಡಿ, ಮದ್ರಸ ಯಾವುದಕ್ಕೂ ಕಳಿಸ್ಬೇಡಿ.

ಉಸಿರು ಜೋರಾಗಿ ಎಳೆದ್ರೆ, ಫಿಟ್ಸ್ ಬಂದ್ರೆ, ಎಬ್ಬಿಸಿದ್ರೂ ಏಳದ ಹಾಗೆ ಮಂಪರಿದ್ರೆ, ಏನೂ ಕುಡಿಯದಿದ್ರೆ, ಕಣ್ಣು ಬೆಳ್ಳಗಾದ್ರೆ ರಾತ್ರಿ ಆದ್ರೂ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಬರೇ ಸಂಶಯ ಕೇಳ್ಲಿಕ್ಕೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ ನಂಬರ್ 1056 ಉಂಟು.